ಸಿಸ್ಟಂ ನಿರ್ವಾಹಕರ ಆಂತರಿಕ ದಾಖಲೆ: ಸಾಧನಗಳು ಮತ್ತು ಆಯ್ಕೆ

ಒಂದು ಸಂಸ್ಥೆಯ ಸರ್ವರ್, ನೆಟ್‌ವರ್ಕ್, ಡೇಟಾಬೇಸ್, ಬ್ಯಾಕಪ್ ಮುಂತಾದವನ್ನು ನಡೆಸುವವರು ತಮ್ಮದೇ ಬಳಕೆಗೆ ಬರೆದಿಟ್ಟುಕೊಳ್ಳುವ ಮಾಹಿತಿಗೆ ಆಂತರಿಕ ದಾಖಲೆ ಎನ್ನುತ್ತಾರೆ. ಯಾವ ಯಂತ್ರ ಯಾವ ರ‍್ಯಾಕಿನಲ್ಲಿದೆ, ಅದರ ಐಪಿ ವಿಳಾಸ ಯಾವುದು, ಸರ್ಟಿಫಿಕೇಟಿನ ಅವಧಿ ಮುಗಿದರೆ ಏನು ಮಾಡಬೇಕು, ಫೈರ್‌ವಾಲಿನ ಈ ನಿಯಮವನ್ನು ಯಾರು ಏಕೆ ಸೇರಿಸಿದರು ಎಂಬುದೆಲ್ಲ ಇದರೊಳಗೆ ಬರುತ್ತದೆ. ಗ್ರಾಹಕರಿಗೆಂದು ಬರೆಯುವ ಕೈಪಿಡಿಯನ್ನು ಬಿಡುವಾಗಿ ಕುಳಿತು ಓದಬಹುದು. ಆಂತರಿಕ ದಾಖಲೆಯನ್ನು ಓದುವ ಹೊತ್ತು ಬಹುತೇಕ ಕೆಟ್ಟ ಹೊತ್ತು: ನಡುರಾತ್ರಿ ಮೂರು ಗಂಟೆಗೆ ಆನ್‌ಕಾಲ್ ಫೋನು ಹೊಡೆದುಕೊಂಡಿರುತ್ತದೆ, ಎದ್ದವರು ಆ ಸರ್ವರನ್ನು ಹಿಂದೆಂದೂ ಮುಟ್ಟಿರುವುದಿಲ್ಲ, ಮುಟ್ಟಿದ್ದವರು ಕೆಲಸ ಬಿಟ್ಟು ಆರು ತಿಂಗಳಾಗಿರುತ್ತದೆ.

ಈ ದಾಖಲೆಗೆ ಬಳಸುವ ಸಾಧನಗಳು ಹತ್ತಾರು. ಅವನ್ನು ಹೋಲಿಸುವ ಪಟ್ಟಿಗಳು ಸಾಮಾನ್ಯವಾಗಿ ಸೌಲಭ್ಯಗಳನ್ನು ಎಣಿಸಿ ಟಿಕ್ ಹಾಕುತ್ತವೆ. ಅದಕ್ಕಿಂತ ಉಪಯುಕ್ತವಾದ ಅಳತೆ ಒಂದಿದೆ: ದಾಖಲೆಯು ಕೆಲಸ ನಡೆಯುವ ಜಾಗದಿಂದ ಎಷ್ಟು ದೂರದಲ್ಲಿದೆ ಎಂಬುದು. ಹತ್ತಿರವಿದ್ದಷ್ಟೂ ದಾಖಲೆ ನಿಜವಾಗಿ ಉಳಿಯುತ್ತದೆ, ಏಕೆಂದರೆ ಕೆಲಸ ಬದಲಾದಾಗ ಅದನ್ನೂ ಬದಲಿಸುವುದು ಸುಲಭ. ಆದರೆ ತೀರಾ ಹತ್ತಿರವಿದ್ದರೆ ವ್ಯವಸ್ಥೆ ಬಿದ್ದ ದಿನ ದಾಖಲೆಯೂ ಜೊತೆಗೇ ಬೀಳುತ್ತದೆ. ಮುಂದೆ ಹೇಳುವ ಸಾಧನಗಳೆಲ್ಲ ಈ ಎಳೆದಾಟಕ್ಕೆ ಬೇರೆ ಬೇರೆ ಕಾಲದಲ್ಲಿ ಕೊಟ್ಟ ಉತ್ತರಗಳು.

ದಾಖಲೆಯ ಬಗೆಗಳು

ಎಲ್ಲ ದಾಖಲೆಯೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಯಂತ್ರಗಳ ಪಟ್ಟಿ, ಐಪಿ ವಿಳಾಸ, ವರ್ಚುವಲ್ ಯಂತ್ರದ ಹೆಸರುಗಳು ಪದೇ ಪದೇ ಬದಲಾಗುತ್ತವೆ. ಹಂತಹಂತವಾಗಿ ಏನು ಮಾಡಬೇಕೆಂದು ಹೇಳುವ ರನ್‌ಬುಕ್, ಅಥವಾ ಹಲವು ಕಚೇರಿಗಳಲ್ಲಿ ಕರೆಯುವಂತೆ ಎಸ್‌ಒಪಿ, ತಂತ್ರಾಂಶದ ಆವೃತ್ತಿ ಬದಲಾದಾಗ ಹಳತಾಗುತ್ತದೆ. ಒಂದು ನಿರ್ಧಾರವನ್ನು ಏಕೆ ತೆಗೆದುಕೊಂಡೆವು ಎಂಬ ಟಿಪ್ಪಣಿ ಹಳತಾಗುವುದೇ ಇಲ್ಲ, ನಿರ್ಧಾರವನ್ನೇ ಕೈಬಿಟ್ಟ ಮೇಲೂ ಅದು ಚರಿತ್ರೆಯಾಗಿ ಬೆಲೆಯುಳ್ಳದ್ದು. ಮೈಕೆಲ್ ನೈಗಾರ್ಡ್ 2011ರಲ್ಲಿ ಇಂಥ ನಿರ್ಧಾರ ಟಿಪ್ಪಣಿಗೆ ಒಂದು ಚಿಕ್ಕ ಚೌಕಟ್ಟನ್ನು ಸೂಚಿಸಿದರು: ಸಂದರ್ಭ, ನಿರ್ಧಾರ, ಪರಿಣಾಮ, ಮತ್ತು ಅದು ಈಗಲೂ ಜಾರಿಯಲ್ಲಿದೆಯೇ ಎಂಬ ಸ್ಥಿತಿ. ಅವಘಡ ನಡೆದ ಮೇಲೆ ಬರೆಯುವ ಪೋಸ್ಟ್‌ಮಾರ್ಟಮ್ ವರದಿಯೂ ಇದೇ ಜಾತಿಯದು.

ಇವುಗಳಲ್ಲಿ ರನ್‌ಬುಕ್ಕಿನ ಲಾಭಕ್ಕೆ ಒಂದು ಅಂಕಿ ಸಿಗುತ್ತದೆ. ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ಹೊರತಂದ ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್ ಗ್ರಂಥದ ಪ್ರಕಾರ, ಆ ಕ್ಷಣಕ್ಕೆ ತೋಚಿದ್ದನ್ನು ಮಾಡುವುದಕ್ಕೆ ಹೋಲಿಸಿದರೆ, ಮೊದಲೇ ಯೋಚಿಸಿ ಬರೆದಿಟ್ಟ ವಿಧಾನ ಕೈಯಲ್ಲಿದ್ದಾಗ ದುರಸ್ತಿಯ ಸರಾಸರಿ ಸಮಯ ಸುಮಾರು 3 ಪಟ್ಟು ಉತ್ತಮಗೊಳ್ಳುತ್ತದೆ. ಎಲ್ಲ ತಂಡಕ್ಕೂ ಇದೇ ಲೆಕ್ಕ ಹೊಂದಬೇಕೆಂದಿಲ್ಲ. ಆದರೂ ದಾಖಲೆಗೆ ಸಮಯ ಕೇಳುವ ನಿರ್ವಾಹಕರು ಮ್ಯಾನೇಜರಿಗೆ ತೋರಿಸಬಹುದಾದ ಅಂಕಿ ಇದೊಂದೇ ಎನ್ನುವಷ್ಟು ಬಳಕೆಯಲ್ಲಿದೆ.

ಬರೆಯಲಾಗದ ತಿಳಿವು

ಬರೆಯಲು ಬರುವುದಷ್ಟೇ ದಾಖಲೆಯಾಗುತ್ತದೆ, ಬಾರದ್ದೂ ಬಹಳ ಇದೆ. ತತ್ತ್ವಜ್ಞಾನಿ ಮೈಕೆಲ್ ಪೊಲಾನ್ಯಿ 1966ರ ತಮ್ಮ ಪುಸ್ತಕದಲ್ಲಿ ಮನುಷ್ಯನಿಗೆ ಗೊತ್ತಿರುವುದು ಅವನು ಹೇಳಬಲ್ಲದ್ದಕ್ಕಿಂತ ಹೆಚ್ಚು ಎಂಬ ವಿಚಾರವನ್ನು ಮಂಡಿಸಿದರು. ಇಕುಜಿರೊ ನೊನಾಕ ಮತ್ತು ಹಿರೊತಾಕ ತಕೆಯುಚಿ 1995ರಲ್ಲಿ ಅದನ್ನು ಜಪಾನಿನ ಕಂಪನಿಗಳ ಅನುಭವಕ್ಕೆ ಹೊಂದಿಸಿ, ಮೌನದ ತಿಳಿವು ಬರಹವಾಗಿ, ಬರಹ ಮತ್ತೆ ಅಭ್ಯಾಸವಾಗಿ ತಿರುಗುವ ಚಕ್ರವನ್ನು ವಿವರಿಸಿದರು. ನಿರ್ವಾಹಕರ ಕೆಲಸಕ್ಕೆ ಇನ್ನೂ ಹತ್ತಿರವಾದದ್ದು ಜೂಲಿಯನ್ ಓರ್ ಅವರ ಅಧ್ಯಯನ. ಝೆರಾಕ್ಸ್ ಕಂಪನಿಯ ನಕಲುಯಂತ್ರ ರಿಪೇರಿ ಮಾಡುವವರ ಜೊತೆ ಓಡಾಡಿ ಅವರು ಬರೆದ ಪುಸ್ತಕ 1996ರಲ್ಲಿ ಬಂತು. ಕಂಪನಿ ಕೊಟ್ಟ ಅಧಿಕೃತ ಕೈಪಿಡಿಗೆ ಸಿಕ್ಕದ ದೋಷಗಳನ್ನು ರಿಪೇರಿಗಾರರು ತಿಂಡಿ ತಿನ್ನುತ್ತ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳ ಮೂಲಕ ಬಿಡಿಸುತ್ತಿದ್ದರು. ಮುಂದೆ ಝೆರಾಕ್ಸ್ ಯುರೇಕಾ ಎಂಬ ಸಲಹೆಗಳ ಸಂಗ್ರಹವನ್ನು ಕಟ್ಟಿತು. ರಿಪೇರಿಗಾರರೇ ಬರೆದ ಸಲಹೆಯನ್ನು ಸಹೋದ್ಯೋಗಿಗಳೇ ಪರಿಶೀಲಿಸುತ್ತಿದ್ದರು, ಬರೆದವರ ಹೆಸರು ಸಲಹೆಯ ಜೊತೆಗೇ ಇರುತ್ತಿತ್ತು.

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಈ ತಿಳಿವನ್ನು ದಾಟಿಸುವ ವಿಧಿಗೆ ಕೆಟಿ ಎಂದು ಹೆಸರು. ರಾಜೀನಾಮೆ ಕೊಟ್ಟವರು ನೋಟಿಸ್ ಅವಧಿಯಲ್ಲಿ ಉಳಿದವರನ್ನು ಕೂರಿಸಿಕೊಂಡು ತಮ್ಮ ವ್ಯವಸ್ಥೆಯನ್ನು ವಿವರಿಸುತ್ತಾರೆ. ಅದನ್ನು ರೆಕಾರ್ಡ್ ಮಾಡಿ ಎಲ್ಲೋ ಒಂದು ಫೋಲ್ಡರಿಗೆ ಹಾಕುತ್ತಾರೆ, ಒಂದೂವರೆ ಗಂಟೆಯ ಆ ವಿಡಿಯೊವನ್ನು ಮತ್ತೆ ತೆರೆಯುವವರು ಅಪರೂಪ. ಕೊನೆಯ ವಾರಕ್ಕೆ ಬಂದ ಕೆಟಿಗೆ ಹೇಳುವವರ ಮನಸ್ಸೂ ಇರುವುದಿಲ್ಲ. ಇದಕ್ಕಿಂತ ಫಲ ಕೊಡುವುದು ರಿವರ್ಸ್ ಕೆಟಿ: ಹೊಸಬರು ತಾವು ತಿಳಿದುಕೊಂಡದ್ದನ್ನು ಹಳಬರ ಮುಂದೆ ತಿರುಗಿ ಹೇಳುತ್ತಾರೆ, ಹಳಬರು ತಿದ್ದುತ್ತಾರೆ, ತಿದ್ದಿದ್ದು ಪುಟಕ್ಕೆ ಹೋಗುತ್ತದೆ. ಯಾವ ಸಾಧನ ಕೊಂಡರೂ ಈ ಕೆಲಸವನ್ನು ಅದು ಮಾಡಿಕೊಡುವುದಿಲ್ಲ.

ಮ್ಯಾನ್ ಪೇಜ್

ನಿರ್ವಾಹಕರ ದಾಖಲೆಯಲ್ಲಿ ಕೆಲಸಕ್ಕೆ ಅತ್ಯಂತ ಹತ್ತಿರವಾದದ್ದೂ ಬಹುಕಾಲ ಬಾಳಿದ್ದೂ ಯುನಿಕ್ಸ್‌ನ ಮ್ಯಾನ್ ಪೇಜ್. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ತಾರೀಖು 1971ರ ನವೆಂಬರ್ 3. ಹೆಸರು, ಬಳಸುವ ರೀತಿ, ವಿವರಣೆ, ಸಂಬಂಧಿಸಿದ ಕಡತಗಳು ಎಂಬ ಅದರ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ಅದರಲ್ಲಿ ದೋಷಗಳಿಗೇ ಒಂದು ಭಾಗವನ್ನು ಮೀಸಲಿಟ್ಟದ್ದು ವಿಶೇಷ. ಪ್ರೋಗ್ರಾಮ್ ಬರೆದವರೇ ಅದರ ಕೊರತೆಯನ್ನು ಅದರದೇ ಕೈಪಿಡಿಯಲ್ಲಿ ಹೇಳುವ ಈ ಪದ್ಧತಿಯನ್ನು ಇಂದಿನ ಕಂಪನಿಗಳ ಆಂತರಿಕ ಪುಟಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಈಗಿನ ವಿಭಾಗಕ್ರಮದಲ್ಲಿ 5ನೆಯದು ಕಡತಗಳ ಸ್ವರೂಪಕ್ಕೆ, 8ನೆಯದು ನಿರ್ವಹಣೆಯ ಆಜ್ಞೆಗಳಿಗೆ ಮೀಸಲು.

ಪ್ರೋಗ್ರಾಮಿನ ಜೊತೆಗೇ ಬಂದು ಅದೇ ಯಂತ್ರದಲ್ಲಿ ಕುಳಿತಿರುವುದು ಮ್ಯಾನ್ ಪೇಜಿನ ಬಲ. ನೆಟ್‌ವರ್ಕ್ ಇಲ್ಲದಿದ್ದರೂ ಅದು ತೆರೆಯುತ್ತದೆ. ಆದರೆ ಅದು ಆಜ್ಞೆಯನ್ನು ಬಲ್ಲದು, ನಮ್ಮ ಕಚೇರಿಯನ್ನು ಬಲ್ಲದು ಎನ್ನಲಾಗದು. ಸಂಬಳದ ಸರ್ವರನ್ನು ತಿಂಗಳ ಕೊನೆಯ ಮೂರು ದಿನ ರೀಸ್ಟಾರ್ಟ್ ಮಾಡಕೂಡದು ಎಂಬಂಥ ಸ್ಥಳೀಯ ಸಂಗತಿಗೆ ಬೇರೆ ಜಾಗ ಬೇಕು. ಆ ಜಾಗವಾಗಿ ಮೊದಲು ಬಂದದ್ದು ನೋಟ್‌ಬುಕ್ಕು, ಆಮೇಲೆ ಶೇರ್ಡ್ ಡ್ರೈವಿನ ವರ್ಡ್ ಕಡತ ಮತ್ತು ಎಕ್ಸೆಲ್ ಶೀಟು. ಎಕ್ಸೆಲ್ ಶೀಟನ್ನು ಹಳಿಯುವುದು ಸುಲಭ, ಅದು ಇಲ್ಲದ ಕಚೇರಿಯನ್ನು ತೋರಿಸುವುದು ಕಷ್ಟ. ಒಂದೇ ಪಟ್ಟಿ ನಾಲ್ಕು ಜನರ ಲ್ಯಾಪ್‌ಟಾಪಿನಲ್ಲಿ ನಾಲ್ಕು ರೂಪ ತಾಳಿ, ಯಾವುದು ಕೊನೆಯದು ಎಂದು ಹೇಳಲಾಗದ ಹಂತಕ್ಕೆ ಬಂದಾಗ ತಂಡ ಬೇರೆ ಸಾಧನ ಹುಡುಕಲು ಹೊರಡುತ್ತದೆ.

ವಿಕಿಗಳು

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ಅಂತರಜಾಲಕ್ಕೆ ಬಿಟ್ಟರು. ಓದುತ್ತಿರುವವರೇ ಪುಟವನ್ನು ಅಲ್ಲೇ ತಿದ್ದಬಹುದು ಎಂಬ ಅದರ ಸರಳ ವಿಚಾರ ನಿರ್ವಾಹಕರಿಗೆ ಹೇಳಿ ಮಾಡಿಸಿದಂತಿತ್ತು. 1998ರಲ್ಲಿ ಪೀಟರ್ ಥೋನಿ ಅವರ ಟಿವಿಕಿ ಕಂಪನಿಗಳ ಒಳಬಳಕೆಗೆಂದೇ ಬಂತು. ಅದರಿಂದ 2008ರಲ್ಲಿ ಫಾಸ್‌ವಿಕಿ ಕವಲೊಡೆಯಿತು. ವಿಕಿಪೀಡಿಯಕ್ಕಾಗಿ ಬೆಳೆದ ಮೀಡಿಯವಿಕಿಯನ್ನೂ ಅನೇಕ ತಂಡಗಳು ಒಳಗೆ ಬಳಸುತ್ತವೆ. ಕೋಟಿಗಟ್ಟಲೆ ಓದುಗರನ್ನು ತಾಳಿಕೊಳ್ಳುವ ಅದರ ಶಕ್ತಿ ಹತ್ತು ಜನರ ತಂಡಕ್ಕೆ ಬೇಕಿಲ್ಲ. ಎಲ್ಲರೂ ಎಲ್ಲವನ್ನೂ ಓದಬಹುದು ಎಂಬ ನೆಲೆಯ ಮೇಲೆ ಕಟ್ಟಿದ್ದರಿಂದ ಈ ಪುಟ ಇವರಿಗೆ ಮಾತ್ರ ಎಂದು ಬೇಲಿ ಹಾಕುವುದು ಅದರಲ್ಲಿ ಭದ್ರವಲ್ಲ. ಅದನ್ನು ಕಟ್ಟಿದವರೇ ತಮ್ಮ ಕೈಪಿಡಿಯಲ್ಲಿ ಹೀಗೆಂದು ಎಚ್ಚರಿಸುತ್ತಾರೆ.

ಸಣ್ಣ ತಂಡಗಳಲ್ಲಿ ಇಂದಿಗೂ ನೆಲೆಯೂರಿರುವುದು ಆಂಡ್ರಿಯಾಸ್ ಗೋರ್ 2004ರಲ್ಲಿ ಬರೆದ ಡೋಕುವಿಕಿ. ಇದಕ್ಕೆ ಡೇಟಾಬೇಸ್ ಬೇಡ, ಪ್ರತಿ ಪುಟವೂ ಡಿಸ್ಕಿನ ಮೇಲೆ ಒಂದು ಸಾದಾ ಪಠ್ಯಕಡತ. ವಿಕಿಯ ತಂತ್ರಾಂಶ ಕೆಟ್ಟುಹೋದರೂ, ಪಿಎಚ್‌ಪಿ ಓಡದಿದ್ದರೂ, ಆ ಕಡತಗಳನ್ನು ಟರ್ಮಿನಲ್ಲಿನಲ್ಲಿ ತೆರೆದು ಓದಬಹುದು. ಇಡೀ ವಿಕಿಯನ್ನು ಪೆನ್‌ಡ್ರೈವಿಗೆ ನಕಲಿಸಿ ಒಯ್ಯಬಹುದು. ಅದರ ಮುಖ ಹಳೆಯ ಕಾಲದ್ದು, ಗುರುತುಲಿಪಿಯೂ ಮಾರ್ಕ್‌ಡೌನ್ ಅಲ್ಲ. ಆದರೂ ಡೇಟಾಬೇಸನ್ನೇ ದುರಸ್ತಿ ಮಾಡುವ ವಿಧಾನವನ್ನು ಇನ್ನೊಂದು ಡೇಟಾಬೇಸಿನೊಳಗೆ ಇಡದೆ ಇರುವುದು ಎಷ್ಟು ಒಳ್ಳೆಯದೆಂದು ಒಮ್ಮೆ ಪೆಟ್ಟು ತಿಂದವರಿಗೆ ಗೊತ್ತು.

ಡಾನ್ ಬ್ರೌನ್ 2015ರಲ್ಲಿ ಶುರುಮಾಡಿದ ಬುಕ್‌ಸ್ಟ್ಯಾಕ್ ಇದಕ್ಕೆ ಎದುರಾದ ರುಚಿಯವರಿಗೆ. ಕಪಾಟು, ಪುಸ್ತಕ, ಅಧ್ಯಾಯ, ಪುಟ ಎಂಬ ನಿಗದಿಯಾದ ಮೆಟ್ಟಿಲುಗಳಿಂದಾಗಿ ಹೊಸಬರಿಗೆ ದಾರಿ ತಪ್ಪುವುದಿಲ್ಲ. ಕಚೇರಿಯ ಸಹಾಯಕ ಸಿಬ್ಬಂದಿಯೂ ಒಂದು ದಿನದಲ್ಲಿ ಬರೆಯಲು ಕಲಿಯುತ್ತಾರೆ. ಅದೇ ಮೆಟ್ಟಿಲು ಮುಂದೆ ಇಕ್ಕಟ್ಟೂ ಆಗುತ್ತದೆ, ಏಕೆಂದರೆ ಒಂದೇ ವಿಷಯ ಎರಡು ಪುಸ್ತಕಗಳಿಗೆ ಸೇರಬೇಕಾದಾಗ ಯಾವುದರಲ್ಲಿ ಇಡುವುದೆಂಬ ಚರ್ಚೆ ಹುಟ್ಟುತ್ತದೆ. ವಿಕಿ ಡಾಟ್ ಜೆಎಸ್ ತನ್ನ ಪುಟಗಳನ್ನು ಗಿಟ್ ಭಂಡಾರಕ್ಕೂ ಹೊಂದಿಸಿಡಬಲ್ಲದು. ಎಕ್ಸ್‌ವಿಕಿ ದೊಡ್ಡ ಸಂಸ್ಥೆಗಳ ಜಟಿಲ ಅನುಮತಿಗಳಿಗೆ ಒಗ್ಗುವ ಜಾವಾ ತಂತ್ರಾಂಶ. ಔಟ್‌ಲೈನ್ ನೋಡಲು ಚೆಂದ, ಬಳಸಲು ಚುರುಕು. ಆದರೆ ಅದರ ಪರವಾನಗಿ ಸಂಪೂರ್ಣ ಮುಕ್ತ ತಂತ್ರಾಂಶದ್ದಲ್ಲ ಎಂಬುದನ್ನು ನೆನಪಿಡಬೇಕು.

ಕಂಪನಿಗಳ ಜಗತ್ತಿನಲ್ಲಿ ಹೆಚ್ಚು ಹರಡಿದ್ದು ಅಟ್ಲಾಸಿಯನ್‌ನ ಕಾನ್‌ಫ್ಲುಯೆನ್ಸ್. 2002ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ, ಈಗ ಬೆಂಗಳೂರಿನಲ್ಲೂ ಕಚೇರಿ ಇರುವ ಈ ಕಂಪನಿ 2004ರಲ್ಲಿ ಕಾನ್‌ಫ್ಲುಯೆನ್ಸ್ ಹೊರತಂದಿತು. ಟಿಕೆಟ್ ವ್ಯವಸ್ಥೆಯಾದ ಜಿರಾ ಜೊತೆಗಿನ ನಂಟೇ ಅದು ಹರಡಲು ಮುಖ್ಯ ಕಾರಣ: ಕೆಲಸದ ಚೀಟಿಯಿಂದ ಪುಟಕ್ಕೆ, ಪುಟದಿಂದ ಚೀಟಿಗೆ ಒಂದೇ ಕ್ಲಿಕ್ಕಿನಲ್ಲಿ ಹೋಗಬಹುದು. ತಮ್ಮದೇ ಸರ್ವರಿನಲ್ಲಿ ಅದನ್ನು ನಡೆಸುತ್ತಿದ್ದ ತಂಡಗಳಿಗೆ ಎರಡು ಕಡೆಯಿಂದ ಒತ್ತಡ ಬಂತು. ಸರ್ವರ್ ಆವೃತ್ತಿಯ ಬೆಂಬಲವನ್ನು ಕಂಪನಿ 2024ರ ಫೆಬ್ರುವರಿ 15ಕ್ಕೆ ಕೊನೆಗೊಳಿಸಿತು. ಇನ್ನೊಂದು ಕಡೆ, 2022ರ ಜೂನ್ ಮತ್ತು 2023ರ ಅಕ್ಟೋಬರ್‌ನಲ್ಲಿ ಬಯಲಾದ ಗಂಭೀರ ಭದ್ರತಾ ದೋಷಗಳನ್ನು ದಾಳಿಕೋರರು ನಿಜವಾಗಿಯೂ ಬಳಸಿಕೊಂಡರು. ಸಂಸ್ಥೆಯ ನೆಟ್‌ವರ್ಕಿನ ನಕಾಶೆಯೆಲ್ಲ ಇರುವ ವಿಕಿ ದಾಳಿಕೋರರಿಗೆ ಎಂಥ ಸಂಪತ್ತೆಂದು ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಸ್ವಂತವಾಗಿ ವಿಕಿ ನಡೆಸುವವರು ಅದನ್ನು ಅಂತರಜಾಲಕ್ಕೆ ನೇರವಾಗಿ ತೆರೆಯದೆ ವಿಪಿಎನ್ ಹಿಂದೆ ಇಡುತ್ತಾರೆ.

ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ 2001ರಿಂದ ಇದೆ. ಲೈಸೆನ್ಸ್ ಹೇಗೂ ಇದೆ ಎಂಬ ಕಾರಣಕ್ಕೆ ಅದನ್ನು ಆರಿಸುವವರೇ ಹೆಚ್ಚು. ಕಡತ ಇಡಲು ಅದು ಸಾಕು, ರನ್‌ಬುಕ್ ಓದಲು ಹಿತವಲ್ಲ.

ಕೋಡಿನ ಪಕ್ಕದ ದಾಖಲೆ

2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದ ಮೇಲೆ, ಮತ್ತು ಅದಕ್ಕೂ ಒಂದು ವರ್ಷ ಮೊದಲು ಜಾನ್ ಗ್ರೂಬರ್ ಮಾರ್ಕ್‌ಡೌನ್ ಪ್ರಕಟಿಸಿದ ಮೇಲೆ, ಬೇರೊಂದು ದಾರಿ ತೆರೆಯಿತು. ದಾಖಲೆಯನ್ನು ಸಾದಾ ಪಠ್ಯವಾಗಿ ಬರೆದು, ಕೋಡ್ ಇರುವ ಭಂಡಾರದಲ್ಲೇ ಇಟ್ಟು, ಕೋಡಿನಂತೆಯೇ ಪರಿಶೀಲನೆಗೆ ಒಳಪಡಿಸಿ, ಕೊನೆಗೆ ವೆಬ್‌ಪುಟಗಳಾಗಿ ಕಟ್ಟುವುದು ಈ ವಿಧಾನ. ಪೈಥಾನ್ ಬಳಗದಲ್ಲಿ ಗಿಯಾರ್ಗ್ ಬ್ರಾಂಡ್ಲ್ 2008ರಲ್ಲಿ ತಂದ ಸ್ಫಿಂಕ್ಸ್, ಟಾಮ್ ಕ್ರಿಸ್ಟಿ 2014ರಲ್ಲಿ ತಂದ ಎಂಕೆಡಾಕ್ಸ್, ಹ್ಯೂಗೊ, ಡಾಕ್ಯುಸಾರಸ್ ಇವು ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಮೂಲ ಪಠ್ಯ ಪಠ್ಯವಾಗಿಯೇ ಉಳಿಯುವುದರಿಂದ ಆಯ್ಕೆ ತಪ್ಪಿದರೂ ನಷ್ಟ ಸಣ್ಣದು.

ಇದರ ನಿಜವಾದ ಲಾಭ ಪರಿಶೀಲನೆಯ ಹೊತ್ತಿನಲ್ಲಿ ಕಾಣುತ್ತದೆ. ವ್ಯವಸ್ಥೆಯ ಸಂರಚನೆಯನ್ನು ಕೋಡಾಗಿ ಬರೆದಿಡುವ ಆನ್ಸಿಬಲ್ ಅಥವಾ ಟೆರಾಫಾರ್ಮ್ ಕಡತವನ್ನು ಒಬ್ಬರು ಬದಲಿಸಿದಾಗ, ಅದೇ ಬದಲಾವಣೆಯಲ್ಲಿ ರನ್‌ಬುಕ್ ಸಾಲು ತಿದ್ದಿಲ್ಲವೆಂದು ಇನ್ನೊಬ್ಬರು ಅಲ್ಲೇ ಹಿಡಿದು ಕೇಳಬಹುದು. ಯಾರು ಯಾವಾಗ ಏಕೆ ಬದಲಿಸಿದರೆಂಬ ಚರಿತ್ರೆಯೂ ಪುಕ್ಕಟೆ ಸಿಗುತ್ತದೆ. ಪ್ರತಿ ಎಂಜಿನಿಯರಿನ ಲ್ಯಾಪ್‌ಟಾಪಿನಲ್ಲೂ ಪೂರ್ತಿ ಪ್ರತಿ ಇರುವುದರಿಂದ ಸರ್ವರ್ ಬಿದ್ದರೂ ಓದಬಹುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಆನ್ಸಿಬಲ್ ಕಡತವೇ ದಾಖಲೆ, ಬೇರೆ ಬರೆಯುವುದೇಕೆ ಎನ್ನುತ್ತಾರೆ. ಅರ್ಧ ಸರಿ. ಕೋಡು ವ್ಯವಸ್ಥೆ ಹೇಗಿದೆಯೆಂದು ಹೇಳುತ್ತದೆ, ಬೇರೆ ರೀತಿ ಏಕೆ ಇಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಬೆಲೆ ತೆರುವವರು ಗಿಟ್ ಬಾರದವರು. ಹೆಲ್ಪ್‌ಡೆಸ್ಕಿನಲ್ಲಿ ಕುಳಿತವರು ಒಂದು ಫೋನ್ ನಂಬರ್ ತಿದ್ದಲು ಬ್ರಾಂಚ್ ತೆಗೆದು, ಕಮಿಟ್ ಮಾಡಿ, ಅನುಮೋದನೆಗೆ ಕಾಯಬೇಕೆಂದರೆ ತಿದ್ದುವುದನ್ನೇ ಬಿಡುತ್ತಾರೆ. ತಂಡದ ಅರ್ಧದಷ್ಟು ಜನ ಟರ್ಮಿನಲ್ಲಿನವರಲ್ಲದಿದ್ದರೆ ಈ ದಾರಿಯನ್ನು ರನ್‌ಬುಕ್ಕುಗಳಿಗೆ ಮಾತ್ರ ಇಟ್ಟು, ಉಳಿದದ್ದಕ್ಕೆ ವಿಕಿ ಇಡುವುದು ಮೇಲು.

ಪಟ್ಟಿಗಳ ಡೇಟಾಬೇಸ್

ಐಪಿ ವಿಳಾಸ, ರ‍್ಯಾಕ್, ಕೇಬಲ್, ಯಂತ್ರಗಳ ಪಟ್ಟಿಯನ್ನು ವಿಕಿಯ ಕೋಷ್ಟಕದಲ್ಲಿ ಬರೆಯುವುದು ಬಹಳ ಕಡೆ ಕಾಣುವ ದುರಭ್ಯಾಸ. ವಿಕಿಗೆ ಎರಡು ಯಂತ್ರಗಳಿಗೆ ಒಂದೇ ಐಪಿ ಕೊಟ್ಟದ್ದು ತಪ್ಪೆಂದು ತಿಳಿಯುವುದಿಲ್ಲ, ಡೇಟಾಬೇಸಿಗೆ ತಿಳಿಯುತ್ತದೆ. ಡಿಜಿಟಲ್‌ಓಷನ್ ಕಂಪನಿಯಲ್ಲಿ ಜೆರೆಮಿ ಸ್ಟ್ರೆಚ್ ಕಟ್ಟಿ, 2016ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟ ನೆಟ್‌ಬಾಕ್ಸ್ ಈ ಕೆಲಸಕ್ಕೆ ಇಂದು ಬಹಳ ಪ್ರಚಲಿತ. ರ‍್ಯಾಕ್‌ಟೇಬಲ್ಸ್, ಪಿಎಚ್‌ಪಿ ಐಪ್ಯಾಮ್ ಅದಕ್ಕಿಂತ ಹಳೆಯವು, ಹಗುರವಾದವು. ಲ್ಯಾಪ್‌ಟಾಪು, ಪ್ರಿಂಟರುಗಳ ಆಸ್ತಿಲೆಕ್ಕಕ್ಕೆ ಸ್ನೈಪ್ ಐಟಿ, ಫ್ರಾನ್ಸಿನಲ್ಲಿ ಹುಟ್ಟಿದ ಜಿಎಲ್‌ಪಿಐ ಇವೆ.

ನೆಟ್‌ಬಾಕ್ಸ್‌ನ ತಾತ್ವಿಕ ನಿಲುವು ಗಮನಾರ್ಹ. ನೆಟ್‌ವರ್ಕ್ ಈಗ ಹೇಗಿದೆ ಎಂಬುದನ್ನು ಬಿಟ್ಟು, ಹೇಗಿರಬೇಕು ಎಂಬುದನ್ನು ಅದು ದಾಖಲಿಸುತ್ತದೆ. ಸ್ಕ್ಯಾನ್ ಮಾಡಿ ಸಿಕ್ಕಿದ್ದನ್ನೆಲ್ಲ ತಾನಾಗಿ ತುಂಬಿಕೊಂಡರೆ ತಪ್ಪೂ ಅಧಿಕೃತವಾಗಿಬಿಡುತ್ತದೆ. ಇರಬೇಕಾದ್ದು ಬೇರೆಯಾಗಿ ಬರೆದಿದ್ದರೆ ಇರುವುದರ ಜೊತೆ ಹೋಲಿಸಿ ವ್ಯತ್ಯಾಸ ಕಂಡುಹಿಡಿಯಬಹುದು. ಸ್ವಿಚ್ಚುಗಳ ಸಂರಚನೆಯನ್ನೇ ನೆಟ್‌ಬಾಕ್ಸ್‌ನಿಂದ ಹೊರಡಿಸುವ ತಂಡಗಳಲ್ಲಿ ಪಟ್ಟಿ ಹಳತಾಗುವ ಪ್ರಶ್ನೆಯೇ ಏಳುವುದಿಲ್ಲ. ಪಟ್ಟಿಯಲ್ಲಿ ತಪ್ಪಿದ್ದರೆ ಕೆಲಸವೇ ನಿಲ್ಲುತ್ತದೆ, ಆದ್ದರಿಂದ ಅದನ್ನು ತಿದ್ದಲೇಬೇಕು.

ಟಿಕೆಟ್‌ನೊಳಗಿನ ತಿಳಿವು

ಬಹುಪಾಲು ನಿಜವಾದ ದಾಖಲೆ ಟಿಕೆಟ್‌ಗಳ ಟಿಪ್ಪಣಿಯಲ್ಲೂ ಚಾಟ್ ಸಂದೇಶಗಳಲ್ಲೂ ಹೂತುಹೋಗಿರುತ್ತದೆ. ಅದನ್ನು ಮೇಲೆತ್ತುವ ವಿಧಾನವೊಂದನ್ನು ಕನ್ಸೋರ್ಷಿಯಂ ಫಾರ್ ಸರ್ವಿಸ್ ಇನೊವೇಶನ್ ಸಂಸ್ಥೆ 1992ರಿಂದ ಬೆಳೆಸುತ್ತ ಬಂದಿದೆ. ಅದನ್ನು ಕೆಸಿಎಸ್ ಎಂದು ಕರೆಯುತ್ತಾರೆ. ಅದರ ಪ್ರಕಾರ ಸಮಸ್ಯೆ ಬಂದಾಗ ಮೊದಲು ಹುಡುಕಬೇಕು. ಪುಟ ಸಿಕ್ಕರೆ ಬಳಸಿ ಅಲ್ಲೇ ತಿದ್ದಬೇಕು, ಸಿಗದಿದ್ದರೆ ಪರಿಹಾರದ ಜೊತೆಗೇ ಹೊಸದನ್ನು ಬರೆಯಬೇಕು. ಬಳಸಿದ ಪುಟವೇ ಪರಿಶೀಲನೆಯಾದ ಪುಟ ಎಂಬುದು ಅಲ್ಲಿನ ತಿರುಳು. ಯಾರೂ ತೆರೆಯದ ಐನೂರು ಪುಟಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸುತ್ತೇವೆಂಬ ಯೋಜನೆಗಿಂತ ಇದು ವಾಸ್ತವಕ್ಕೆ ಹತ್ತಿರ. ಟಿಕೆಟ್ ಮುಚ್ಚುವ ಮುನ್ನ ಇಂಥ ಪುಟದ, ಅಂದರೆ ಕೆಬಿ ಆರ್ಟಿಕಲ್‌ನ, ಕೊಂಡಿ ಕೇಳುವ ವ್ಯವಸ್ಥೆ ಹಲವು ಸಾಧನಗಳಲ್ಲಿದೆ. ಆದರೆ ಅದನ್ನು ಕಡ್ಡಾಯ ಮಾಡಿ ತಿಂಗಳ ಗುರಿ ಕಟ್ಟಿದಲ್ಲಿ ರಾಶಿರಾಶಿ ಖಾಲಿ ಪುಟಗಳು ಹುಟ್ಟುತ್ತವೆ.

ಪಾಸ್‌ವರ್ಡ್

ಪಾಸ್‌ವರ್ಡ್, ಕೀಲಿ, ಟೋಕನ್‌ಗಳು ವಿಕಿಯಲ್ಲಿ ಇರಕೂಡದು. ಅವಕ್ಕೆ ಕೀಪಾಸ್, ಬಿಟ್‌ವಾರ್ಡನ್, ದೊಡ್ಡ ವ್ಯವಸ್ಥೆಗಳಲ್ಲಿ ಹ್ಯಾಶಿಕಾರ್ಪ್ ವಾಲ್ಟ್ ಇವೆ. ಗಿಟ್‌ನಲ್ಲಿ ಒಮ್ಮೆ ಸೇರಿದ ಪಾಸ್‌ವರ್ಡನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಚರಿತ್ರೆಯಲ್ಲಿ ಉಳಿದೇ ಇರುತ್ತದೆ, ಬದಲಿಸುವುದೊಂದೇ ದಾರಿ. ಪುಟದಲ್ಲಿ ಗುಟ್ಟು ಎಲ್ಲಿದೆ ಎಂಬುದನ್ನಷ್ಟೇ ಬರೆದರೆ ಸಾಕು.

ವ್ಯವಸ್ಥೆ ಬಿದ್ದಾಗ

ಸಾಧನದ ಆಯ್ಕೆಯಲ್ಲಿ ಹೆಚ್ಚಿನವರು ಕೊನೆಗೆ ಯೋಚಿಸುವ, ಮೊದಲು ಯೋಚಿಸಬೇಕಾದ ಭಾಗ ಇದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಬೆನ್ನೆಲುಬು ನೆಟ್‌ವರ್ಕು ನಿರ್ವಹಣೆಯ ಒಂದು ಆಜ್ಞೆಯಿಂದ ಕಡಿದುಹೋಯಿತು. ಅದರ ಡಿಎನ್‌ಎಸ್ ಸರ್ವರುಗಳ ದಾರಿ ಅಂತರಜಾಲದಿಂದಲೇ ಮಾಯವಾಗಿ ಸುಮಾರು ಆರು ಗಂಟೆ ಸೇವೆ ನಿಂತಿತು. ತನಿಖೆಗೆ ಬಳಸುವ ಒಳಗಿನ ಸಾಧನಗಳೂ ಅದೇ ಡಿಎನ್‌ಎಸ್‌ಗೆ ಆತುಕೊಂಡಿದ್ದರಿಂದ ಅವೂ ಕೈಕೊಟ್ಟವೆಂದು ಕಂಪನಿಯೇ ತನ್ನ ವಿವರಣೆಯಲ್ಲಿ ಒಪ್ಪಿಕೊಂಡಿತು.

ಬೇರೆಯವರ ಕ್ಲೌಡಿನಲ್ಲಿ ಇಟ್ಟರೆ ಆ ಚಿಂತೆ ಹೋಗಿ ಇನ್ನೊಂದು ಬರುತ್ತದೆ. 2022ರ ಏಪ್ರಿಲ್ 5ರಂದು ಅಟ್ಲಾಸಿಯನ್‌ನಲ್ಲಿ ಹಳೆಯ ಒಂದು ಆ್ಯಪನ್ನು ತೆಗೆಯಲು ಓಡಿಸಿದ ಸ್ಕ್ರಿಪ್ಟಿಗೆ ಆ್ಯಪಿನ ಗುರುತುಸಂಖ್ಯೆಗಳ ಬದಲು ಗ್ರಾಹಕರ ಇಡೀ ಸೈಟುಗಳ ಗುರುತುಸಂಖ್ಯೆಗಳು ಹೋದವು. 775 ಗ್ರಾಹಕರ ಜಿರಾ, ಕಾನ್‌ಫ್ಲುಯೆನ್ಸ್ ಎಲ್ಲವೂ ಅಳಿದುಹೋದವು. ಕೆಲವರಿಗೆ ಅವು ಮರಳಲು ಸುಮಾರು ಎರಡು ವಾರ ಹಿಡಿಯಿತು. ಬ್ಯಾಕಪ್ ಇತ್ತು, ಆದರೆ ಇಷ್ಟೊಂದು ಗ್ರಾಹಕರನ್ನು ಒಟ್ಟಿಗೆ ಮರಳಿಸುವ ಸಿದ್ಧ ವಿಧಾನ ಇರಲಿಲ್ಲ.

ಗಿಟ್‌ಲ್ಯಾಬ್‌ನ ಪ್ರಕರಣ ಇನ್ನೂ ಹೆಚ್ಚು ಕಲಿಸುವಂಥದು. 2017ರ ಜನವರಿ 31ರ ರಾತ್ರಿ ದಣಿದಿದ್ದ ಎಂಜಿನಿಯರೊಬ್ಬರು ಎರಡನೆಯ ಡೇಟಾಬೇಸ್ ಸರ್ವರಿನಲ್ಲಿದ್ದೇನೆಂದು ತಿಳಿದು ಮುಖ್ಯ ಸರ್ವರಿನ ಕಡತಗಳನ್ನು ಅಳಿಸಿದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್‌ನ ಒಂದೊಂದೇ ದಾರಿ ಮುಚ್ಚಿರುವುದು ಆಗ ತಿಳಿಯಿತು. ಆವೃತ್ತಿಯ ಹೊಂದಾಣಿಕೆ ಇಲ್ಲದೆ ನಿತ್ಯದ ಡಂಪ್ ವಿಫಲವಾಗುತ್ತಿತ್ತು. ಅದನ್ನು ತಿಳಿಸಬೇಕಾದ ಇಮೇಲುಗಳೂ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಸುಮಾರು ಆರು ಗಂಟೆ ಹಿಂದೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಸ್ನ್ಯಾಪ್‌ಶಾಟ್ ನೆರವಿಗೆ ಬಂತು. ಪ್ರತಿಕೃತಿ ಡೇಟಾಬೇಸನ್ನು ಮತ್ತೆ ಕಟ್ಟುವ ವಿಧಾನ ಸರಿಯಾಗಿ ದಾಖಲಾಗಿರಲಿಲ್ಲವೆಂದು ತಂಡವೇ ಬರೆದುಕೊಂಡಿತು. ದುರಸ್ತಿಯ ಉದ್ದಕ್ಕೂ ಅವರು ಟಿಪ್ಪಣಿ ಬರೆದದ್ದು ಸ್ವಂತ ವ್ಯವಸ್ಥೆಯ ಹೊರಗಿನ ಗೂಗಲ್ ಡಾಕ್ಸ್‌ನಲ್ಲಿ, ಅದನ್ನೂ ಎಲ್ಲರಿಗೂ ತೆರೆದಿಟ್ಟು. ಆ ಬಿಚ್ಚುತನಕ್ಕೆ ಸಿಕ್ಕ ಮೆಚ್ಚುಗೆ ಕಡಿಮೆಯದಲ್ಲ.

ವ್ಯವಸ್ಥೆಯ ಜೊತೆಗೇ ದಾಖಲೆಯೂ ಬೀಳುವ ತೊಂದರೆಗೆ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಕಂಡುಕೊಂಡ ಉಪಾಯ ಸರಳ. ಅದರ ಸರ್ವರುಗಳನ್ನು ನಡೆಸುವ ದಾಖಲೆ ವಿಕಿಟೆಕ್ ಎಂಬ ವಿಕಿಯಲ್ಲಿದೆ, ಅದರ ಓದಲಷ್ಟೇ ಬರುವ ಪ್ರತಿಯೊಂದನ್ನು ತಮ್ಮ ವ್ಯವಸ್ಥೆಯ ಹೊರಗೆ ಬೇರೆಯವರ ಸರ್ವರಿನಲ್ಲಿ ಇಟ್ಟಿರುತ್ತಾರೆ. ಬರೆಯುವ ಜಾಗ ಕೆಲಸಕ್ಕೆ ಹತ್ತಿರ, ಓದುವ ಇನ್ನೊಂದು ಪ್ರತಿ ದೂರ. ಯಾವ ಸಾಧನಕ್ಕೂ ಇದನ್ನು ಅಳವಡಿಸಬಹುದು: ರಾತ್ರಿಗೊಮ್ಮೆ ವಿಕಿಯನ್ನು ಸಾದಾ ಎಚ್‌ಟಿಎಂಎಲ್ ಅಥವಾ ಪಿಡಿಎಫ್ ಮಾಡಿ ಆನ್‌ಕಾಲ್ ಲ್ಯಾಪ್‌ಟಾಪುಗಳಿಗೆ ಇಳಿಸಿದರೂ ಆಯಿತು. ಮುಖ್ಯ ಸರ್ವರು, ಫೈರ್‌ವಾಲ್, ಇಂಟರ್‌ನೆಟ್ ಒದಗಿಸುವವರ ಫೋನ್ ನಂಬರುಗಳನ್ನು ಕಾಗದದಲ್ಲಿ ಮುದ್ರಿಸಿ ಸರ್ವರ್ ಕೋಣೆಯ ಬಾಗಿಲಿನ ಒಳಗೆ ಅಂಟಿಸುವ ಹಳೆಯ ಕ್ರಮವನ್ನು ನೋಡಿ ಯಾರೂ ನಗಬೇಕಿಲ್ಲ.

ಭಾರತದಲ್ಲಿ ಕಾನೂನಿನ ಒತ್ತಾಯವೂ ಸೇರಿಕೊಂಡಿದೆ. ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಆರು ಗಂಟೆಯಲ್ಲಿ ಯಾರಿಗೆ ಹೇಳಬೇಕು, ಏನು ಬರೆಯಬೇಕೆಂದು ಹುಡುಕುತ್ತ ಕೂರಲಾಗದು. ಆ ಪುಟ ಮೊದಲೇ ಇರಬೇಕು. ಐಎಸ್‌ಒ 27001ರ 2022ರ ಆವೃತ್ತಿಯ ಅನುಬಂಧದಲ್ಲೂ ಕಾರ್ಯವಿಧಾನಗಳನ್ನು ಬರೆದಿಡಬೇಕೆಂಬ ನಿಯಮ 5.37ನೆಯದಾಗಿ ಇದೆ. ಆಡಿಟ್‌ಗೆಂದೇ ಬರೆದ ದಾಖಲೆಯನ್ನು ನಿರ್ವಾಹಕರು ಓದುವುದಿಲ್ಲ ಎಂಬುದು ಬೇರೆ ಮಾತು. ರಾತ್ರಿ ಬಳಸುವ ಪುಟವನ್ನೇ ಆಡಿಟರಿಗೂ ತೋರಿಸುವಂತಿದ್ದರೆ ಎರಡೂ ಕೆಲಸ ಆಗುತ್ತದೆ.

ಹುಡುಕಾಟ

ದಾಖಲೆ ಇದ್ದೂ ಸಿಗದಿದ್ದರೆ ಇಲ್ಲದ ಹಾಗೆಯೇ. ನಿರ್ವಾಹಕರು ಹುಡುಕುವುದು ವಿಷಯದ ಹೆಸರಿನಿಂದಲ್ಲ, ತೆರೆಯ ಮೇಲೆ ಕಂಡ ದೋಷಸಂದೇಶದಿಂದ. ಆದ್ದರಿಂದ ರನ್‌ಬುಕ್‌ನಲ್ಲಿ ದೋಷಸಂದೇಶವನ್ನು ಇದ್ದದ್ದು ಇದ್ದಂತೆಯೇ ಅಂಟಿಸಿರಬೇಕು, ಮತ್ತು ಸಾಧನದ ಹುಡುಕಾಟಕ್ಕೆ ಕೋಡ್ ತುಣುಕುಗಳೊಳಗಿನ ಅಕ್ಷರ, ಚುಕ್ಕೆ, ಗೆರೆಗಳೂ ಸಿಗುವಂತಿರಬೇಕು. ಎಚ್ಚರಿಕೆಯ ಸಂದೇಶದಲ್ಲೇ ಪುಟದ ಕೊಂಡಿ ಇಟ್ಟರೆ ಹುಡುಕುವ ಕೆಲಸವೇ ಇಲ್ಲ.

ಕನ್ನಡದಲ್ಲಿ ಬರೆಯುವ ಕಚೇರಿಗಳಿಗೆ ಇಲ್ಲಿ ಇನ್ನೂ ಎರಡು ತೊಡಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಸಂಕೇತದಲ್ಲಿ ಟೈಪಾದ ಕಡತಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರ. ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ವಿಕಿಗೆ ಹಾಕಿದರೂ ಹುಡುಕಾಟಕ್ಕೆ ಸಿಗವು. ಇನ್ನೊಂದು, ವಿಭಕ್ತಿ ಪ್ರತ್ಯಯಗಳದು. ಸರ್ವರ್, ಸರ್ವರಿನಲ್ಲಿ, ಸರ್ವರಿಗೆ ಇವು ಒಂದೇ ಪದದ ರೂಪಗಳೆಂದು ಅನೇಕ ಹುಡುಕಾಟ ವ್ಯವಸ್ಥೆಗಳಿಗೆ ತಿಳಿಯದು. ‘ಸರ್ವರ್‌ನಲ್ಲಿ’ ಎಂದು ಬರೆಯುವಾಗ ನಡುವೆ ಸೇರುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಸಂಕೇತ ಒಬ್ಬರ ಕೀಲಿಮಣೆಯಲ್ಲಿ ಬಂದು ಇನ್ನೊಬ್ಬರದರಲ್ಲಿ ಬಾರದಿದ್ದರೆ ಎರಡೂ ಬೇರೆ ಪದಗಳಾಗುತ್ತವೆ. ಸಾಧನವನ್ನು ಒಪ್ಪುವ ಮುನ್ನ ಇಂಥ ನಾಲ್ಕು ಪದಗಳನ್ನು ಹಾಕಿ ಹುಡುಕಿ ನೋಡುವುದು ಹತ್ತು ನಿಮಿಷದ ಕೆಲಸ.

ಈಚೆಗೆ ಹುಡುಕಾಟದ ಜಾಗಕ್ಕೆ ಭಾಷಾ ಮಾದರಿಗಳು ಬರುತ್ತಿವೆ. ಪ್ರಶ್ನೆಗೆ ಹೊಂದುವ ತುಣುಕುಗಳನ್ನು ದಾಖಲೆಯಿಂದ ಆಯ್ದು, ಅವುಗಳ ಆಧಾರದ ಮೇಲೆ ಮಾದರಿಯಿಂದ ಉತ್ತರ ಬರೆಸುವ ವಿಧಾನ ಇದು. ಚದುರಿದ ಟಿಪ್ಪಣಿಗಳಿಂದ ಉತ್ತರ ಹೆಕ್ಕುವುದರಲ್ಲಿ ಅದು ನಿಜಕ್ಕೂ ನೆರವಾಗುತ್ತದೆ. ಆದರೆ ನಾಲ್ಕು ವರ್ಷದ ಹಿಂದಿನ ಪುಟವನ್ನು ಓದುವ ಮನುಷ್ಯ ತಾರೀಖು ನೋಡಿ ಅನುಮಾನಪಡುತ್ತಾನೆ. ಮಾದರಿ ಅದೇ ಹಳೆಯ ಆಜ್ಞೆಯನ್ನು ಹೊಸ ವಾಕ್ಯದಲ್ಲಿ ಧೈರ್ಯವಾಗಿ ಹೇಳಿಬಿಡಬಹುದು. ಉತ್ತರದ ಜೊತೆ ಮೂಲ ಪುಟದ ಕೊಂಡಿಯನ್ನೂ ಕೊನೆಯ ತಿದ್ದುಪಡಿಯ ದಿನಾಂಕವನ್ನೂ ತೋರಿಸದ ಸಾಧನವನ್ನು ನಿರ್ವಾಹಕರು ಒಪ್ಪಬಾರದು. ಕೇಳಿದವರಿಗೆ ಓದುವ ಅನುಮತಿಯಿಲ್ಲದ ಪುಟದಿಂದ ಉತ್ತರ ಸೋರದಂತೆಯೂ ನೋಡಬೇಕು.

ಆರಿಸುವಾಗ

ಮೂರು ನಾಲ್ಕು ಜನರ ತಂಡಕ್ಕೆ ಡೋಕುವಿಕಿ ಅಥವಾ ಗಿಟ್‌ನಲ್ಲಿ ಮಾರ್ಕ್‌ಡೌನ್ ಕಡತಗಳು, ಜೊತೆಗೆ ಕೀಪಾಸ್ ಸಾಕು. ಶಾಲೆ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ತಂತ್ರಜ್ಞರಲ್ಲದವರೂ ಬರೆಯಬೇಕಾದರೆ ಬುಕ್‌ಸ್ಟ್ಯಾಕ್ ಒಗ್ಗುತ್ತದೆ. ಸ್ವಿಚ್ಚು, ರ‍್ಯಾಕುಗಳ ಸಂಖ್ಯೆ ಎಕ್ಸೆಲ್ ಮೀರಿದಾಗ ನೆಟ್‌ಬಾಕ್ಸ್ ಸೇರಿಸಬೇಕು. ಜಿರಾದಲ್ಲಿ ಆಗಲೇ ಮುಳುಗಿರುವ ದೊಡ್ಡ ಸಂಸ್ಥೆ ಕಾನ್‌ಫ್ಲುಯೆನ್ಸ್ ಬಿಟ್ಟು ಹೊರಟರೆ ಜಗಳವೇ ಹೆಚ್ಚು. ಹಲವು ಗ್ರಾಹಕರ ವ್ಯವಸ್ಥೆಗಳನ್ನು ನಡೆಸುವ ಸೇವಾಕಂಪನಿಗಳಿಗೆ ಐಟಿ ಗ್ಲೂ, ಹುಡು ಎಂಬ ಪ್ರತ್ಯೇಕ ಸಾಧನಗಳೇ ಇವೆ. ಎಲ್ಲವನ್ನೂ ಒಂದೇ ಸಾಧನದಲ್ಲಿ ಇಡುವ ಆಸೆ ಬಹುತೇಕ ಕೈಗೂಡುವುದಿಲ್ಲ. ಪಟ್ಟಿ, ವಿಧಾನ, ಗುಟ್ಟು ಈ ಮೂರಕ್ಕೆ ಮೂರು ಮನೆ ಕೊಟ್ಟು ನಡುವೆ ಕೊಂಡಿ ಹಾಕಿದರೆ ಸಾಕು.

ಪ್ರಯೋಗದ ಅವಧಿಯಲ್ಲಿ ಮಾರಾಟಗಾರರ ಪ್ರದರ್ಶನ ನೋಡುವುದಕ್ಕಿಂತ ಹಿಂದೆ ನಿಜವಾಗಿ ನಡೆದ ಅವಘಡಗಳ ರನ್‌ಬುಕ್ಕುಗಳನ್ನು ಬರೆದು, ಆ ವ್ಯವಸ್ಥೆ ಗೊತ್ತಿಲ್ಲದವರಿಗೆ ಕೊಟ್ಟು ನೋಡಬೇಕು. ಮೊಬೈಲಿನಲ್ಲಿ ತೆರೆಯಬೇಕು, ಲಾಗಿನ್ ವ್ಯವಸ್ಥೆಯನ್ನು ಆರಿಸಿಟ್ಟು ತೆರೆಯಲು ಯತ್ನಿಸಬೇಕು. ಒಂದು ಆಜ್ಞೆಯನ್ನು ಪುಟದಿಂದ ಟರ್ಮಿನಲ್ಲಿಗೆ ನಕಲಿಸಿ ನೋಡಬೇಕು, ಏಕೆಂದರೆ ಕೆಲವು ಸಂಪಾದಕಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿಯೂ ಎರಡು ಅಡ್ಡಗೆರೆಯನ್ನು ಒಂದು ಉದ್ದ ಗೆರೆಯಾಗಿಯೂ ತಿರುಗಿಸಿ ಆಜ್ಞೆಯನ್ನೇ ಕೆಡಿಸುತ್ತವೆ. ಕೊನೆಗೆ, ಬರೆದದ್ದನ್ನೆಲ್ಲ ಹೊರಗೆ ತೆಗೆಯಬೇಕು: ಕೋಷ್ಟಕ, ಚಿತ್ರ, ಒಳಕೊಂಡಿಗಳು ಉಳಿದವೇ, ಪುಟಗಳ ಹಳೆಯ ಆವೃತ್ತಿಗಳು ಬಂದವೇ ಎಂದು ತೆರೆದು ನೋಡಬೇಕು. ಮಾರ್ಕ್‌ಡೌನ್ ರಫ್ತು ಇದೆ ಎಂದು ಜಾಹೀರಾತಿನಲ್ಲಿ ಹೇಳುವ ಸಾಧನಗಳಲ್ಲೂ ಮಡಚುವ ಪೆಟ್ಟಿಗೆ, ಮ್ಯಾಕ್ರೊ, ಒಳಗೇ ಬರೆದ ನಕಾಶೆಗಳು ರಫ್ತಿನಲ್ಲಿ ಕಳಚಿಬೀಳುವುದುಂಟು. ಇಪ್ಪತ್ತು ಪುಟ ಇರುವಾಗ ಅದು ಗೊತ್ತಾದರೆ ಒಂದು ಮಧ್ಯಾಹ್ನದ ಕೆಲಸ, ಎರಡು ಸಾವಿರ ಪುಟ ಆದ ಮೇಲೆ ಗೊತ್ತಾದರೆ ಅದಕ್ಕೇ ಒಂದು ಪ್ರಾಜೆಕ್ಟ್ ಬೇಕು.